ಭರತ ಬಂತು

ಮೊನ್ನೆ ಕುಮಟೆಯ ಕಡೆಗೆ ಹೋಗಿದ್ದ ಮೊಮ್ಮಗಳು ಒಂದು ಪೊಟ್ಟಣ ಒಣ ಮುರುಗಲ ಸಿಪ್ಪೆ ತಂದು ನನ್ನ ಕೈಗಿಟ್ಟಳು. ಪುಣೆಯ ಅಂಗಡಿಗಳಲ್ಲಿ ಇದನ್ನೇ ಆಮಸೂಲು ಎಂದು ಮಾರುತ್ತಾರೆ, ಅದಕ್ಕೆ ಈ ವಾಸನೆ ಇಲ್ಲ. ಇದರಲ್ಲಿ ಹುಳಿಯ ಜೊತೆಗೆ ಉಪ್ಪುನೀರಿನದೂ ಹೊಗೆಯದೂ ಏನೋ ಒಂದು... ಮೂಗಿಗೆ ಹಿಡಿದವಳು ಹಾಗೇ ಕುಳಿತುಬಿಟ್ಟೆ. “ಯಾಕಜ್ಜಿ, ಹುಳಾ ಅದಾವೇನು?” ಎಂದಳು. ಹುಳ ಇದ್ದದ್ದು ನನ್ನ ಮನಸ್ಸಿನಲ್ಲಿ.

ಸ್ವಾತಂತ್ರ್ಯ ಬರುವುದಕ್ಕೆ ಹತ್ತು ವರುಷ ಮೊದಲಿನ ಮಾತು. ನಾವು ಧಾರವಾಡದವರು, ಅಪ್ಪನ ನೌಕರಿಗಾಗಿ ಬಂದು ಪುಣೆಯ ಶನಿವಾರ ಪೇಟೆಯ ಒಂದು ವಾಡೆಯಲ್ಲಿ ಬಾಡಿಗೆಗಿದ್ದೆವು. ಎದುರು ಕೋಣೆಯಲ್ಲಿ ಒಬ್ಬ ವಿಧವೆ ಇದ್ದರು, ಹೆಣ್ಣುಮಕ್ಕಳ ಶಾಲೆಯಲ್ಲಿ ಹೊಲಿಗೆ ಕಲಿಸುತ್ತಿದ್ದರು. ಅವರ ಊರು ಕುಮಟೆಯ ಹತ್ತಿರದ ಒಂದು ಕುರ್ವೆ, ಎಂದರೆ ಹೊಳೆ ಸಮುದ್ರ ಸೇರುವಲ್ಲಿನ ನಡುಗಡ್ಡೆ. ಅದಕ್ಕೇ ವಾಡೆಯವರಿಗೆಲ್ಲ ಅವರು ಕುರ್ವೆಬಾಯಿ. ಹದಿನಾರಕ್ಕೇ ಗಂಡನನ್ನು ಕಳೆದುಕೊಂಡು, ಮನೆಯವರಿಗೆ ಹೇಳದೆ ದೋಣಿ ಹತ್ತಿ, ಪುಣೆಗೆ ಓದಲು ಬಂದವರು. ಅದಕ್ಕೆ ಅವರ ಅಣ್ಣ ಇಪ್ಪತ್ತು ವರುಷ ಮಾತು ಬಿಟ್ಟಿದ್ದ. ಕುರ್ವೆಬಾಯಿ ಮಾತ್ರ ಇಲ್ಲಿ ಕುಳಿತು ಕುರ್ವೆಯದೇ ಎರಡು ಕಾದಂಬರಿ ಬರೆದರು. ನಾನು ಎರಡನ್ನೂ ಓದಿರಲಿಲ್ಲ, ಓದಿದ್ದೇನೆಂದು ಹೇಳಿದ್ದೆ. ಅಣ್ಣ ಓದಿ ಕರಗಿದ. ಮೂರನೆಯದು ಅಚ್ಚಾದ ಮೇಲೆ ಅದನ್ನು ಹಿಡಿದುಕೊಂಡು ಊರಿಗೆ ಬಾ ಎಂದು ಕಾಗದ ಬರೆದ. ಬಾಯಿ ಅಂದೇ ಟ್ರಂಕು ಒರೆಸಿಟ್ಟರು.

ಆ ಹೊತ್ತಿಗೆ ಅವರ ಕಣ್ಣಿಗೆ ಪೊರೆ ಬಂದಿತ್ತು. ಮುರುಗಲ ಕಲೆ ಬಿದ್ದ ಹಾಳೆಗಳಲ್ಲಿ ಅವರು ಪೆನ್ಸಿಲಿನಿಂದ ಗೀಚಿದ್ದನ್ನು ಅಚ್ಚಿಗಾಗಿ ಶುದ್ಧಪ್ರತಿ ಮಾಡುವ ಕೆಲಸ ನನ್ನದಾಯಿತು.

“ನಮ್ಮ ಬದಿಗೆ ಹೆಂಗಸ್ರಿಗೆಲ್ಲ ಬಂತು, ಹೋಯ್ತು ಅಂತ್ಲೇ ಹೇಳೂದು ತಂಗಿ. ಅತ್ತಿಗೆ ಬಂತು, ಅಕ್ಕ ಹೋಯ್ತು. ಅಚ್ಚಿಗೆ ಅದು ಚಂದ ಕಾಣೂದಿಲ್ಲ. ನೀನೇ ಸರಿ ಮಾಡು,” ಎಂದರು.

“ಮಾಡ್ತೀನ್ರಿ ಬಾಯಿ,” ಎಂದೆ. ನನಗೆ ಹತ್ತೊಂಬತ್ತು. ಅಲ್ಪನಿಗೆ ಐಶ್ವರ್ಯ ಬಂದಂತೆ ನನಗೆ ವ್ಯಾಕರಣ ಬಂದಿತ್ತು.

ಅತ್ತಿಗೆ ಬಂತು ಎಂದಿದ್ದಲ್ಲಿ ಬಂದಳು ಮಾಡಿದೆ. ಅದೇ ಕೈಯಲ್ಲಿ, ಭರತ ಬಂತು ಎಂದಿದ್ದಲ್ಲಿ ಭರತ ಬಂದನು ಎಂದೂ ಮಾಡಿದೆ. ಮುಠಾ ಹೊಳೆಗಿಂತ ದೊಡ್ಡ ನೀರು ಕಂಡವಳಲ್ಲ ನಾನು. ಕರಾವಳಿಯಲ್ಲಿ ಭರತವೆಂದರೆ ಸಮುದ್ರದ ಉಬ್ಬರ, ಏರಿ ಬರುವ ನೀರು, ಎಂದು ನನಗೆ ತಿಳಿದಿರಲಿಲ್ಲ. ಒಂದು ಮಾತು ಕೇಳಿದ್ದರೆ ಆಗುತ್ತಿತ್ತು. ಕೇಳಲಿಲ್ಲ.

ಕಾದಂಬರಿಯ ನಾಯಕಿ ಅಣ್ಣನ ಮನೆಯಲ್ಲಿರುವ ಎಳೆಯ ವಿಧವೆ. ಭರತವಿದ್ದಾಗ ಮಾತ್ರ ದೋಣಿ ದಡ ಮುಟ್ಟುತ್ತದೆ, ಹಾಗಾಗಿ ಅವಳು ದಿನವೂ ಅದಕ್ಕಾಗಿ ಕಾಯುತ್ತಾಳೆ. ನನ್ನ ಪ್ರತಿಯಲ್ಲಿ ಅವಳು ಭರತನಿಗಾಗಿ ಕಾದಳು. ಭರತ ಅಂಗಳದವರೆಗೂ ಬಂದನು, ಅವಳ ಪಾದ ಮುಟ್ಟಿದನು... ದಿನಕ್ಕೆರಡು ಸಲ ತಪ್ಪದೆ ಬಂದುಹೋಗುವ ಈ ಗಂಡಸಿಗೆ ಬೇರೆ ಉದ್ಯೋಗವಿಲ್ಲವೇ ಎಂದಾದರೂ ನನಗೆ ಅನಿಸಬೇಕಿತ್ತು. ನಾನೋ, ಗುಟ್ಟಿನ ಪ್ರೀತಿ ಎಂದುಕೊಂಡು ಬಾಯಿಯ ಧೈರ್ಯಕ್ಕೆ ಮನಸ್ಸಿನಲ್ಲೇ ಭೇಷ್ ಎಂದೆ.

“ಕಳಸೂಕಿಂತ ಮುಂಚೆ ಒಂದ್ಸಲ ಪೂರಾ ಓದಿ ಹೇಳು ತಂಗಿ,” ಎಂದರು ಬಾಯಿ. ಗೆಳತಿಯರೊಂದಿಗೆ ಲೋಣಾವಳೆಗೆ ಹೊರಟು ನಿಂತಿದ್ದೆ. “ಎರಡು ಸಲ ಓದೀನ್ರಿ, ಎಲ್ಲಾ ಸರಿ ಅದ,” ಎಂದು ಕಟ್ಟು ಹಾಕಿ ಧಾರವಾಡದ ಅಚ್ಚುಕೂಟಕ್ಕೆ ಕಳಿಸಿಬಿಟ್ಟೆ. ಕರಡು ತಿದ್ದಿದವಳೂ ನಾನೇ.

ಪುಸ್ತಕ ಬಂದ ಕೆಲವು ದಿನಕ್ಕೆ ಅಣ್ಣನ ಕಾಗದ ಬಂತು. ಓದಿ ಹೇಳಿದವಳು ನಾನು. ಆ ಭರತ ಯಾರು ಎಂದು ಕುಮಟೆಯ ಪೇಟೆಯಲ್ಲಿ ಜನ ಮುಖಕ್ಕೇ ಕೇಳುತ್ತಾರೆ, ಇನ್ನು ಕುರ್ವೆಗೆ ಕಾಲಿಡಬೇಡ, ಎಂದಿತ್ತು.

“ಭರತ ಯಾರು ಅಂದ್ರೆ? ಭರತ ಅಂದ್ರೆ ನೀರಲ್ಲನೇ?” ಎಂದರು ಬಾಯಿ.

ಭೂಮಿ ಬಾಯಿಬಿಡಬಾರದೇ ಎನಿಸಿತು. ಪುಸ್ತಕ ತೆಗೆಸಿ ಎರಡು ಪುಟ ಓದಿಸಿದರು. ಪುಸ್ತಕ ಮುಚ್ಚಿಸಿ, “ಯಾರು ಮಾಡಿದ್ದು ತಂಗಿ?” ಎಂದರು.

“ಅಚ್ಚಿನವ್ರು ಮಾಡಿರಬೇಕ್ರಿ,” ಎಂದೆ.

“ಹಾಗಾದ್ರೆ ಅಣ್ಣಂಗೆ ನೀನೇ ಒಂದು ಕಾಗ್ದ ಬರಿ. ನಾ ಹೇಳಿದ್ರೆ ನಂಬೂದಿಲ್ಲ, ಪ್ರತಿ ಮಾಡ್ದವಳು ಹೇಳಿದ್ರೆ ನಂಬ್ತ.”

ಬರೆಯಲಿಲ್ಲ. ಬರೆದರೆ ತಪ್ಪು ನನ್ನದೆಂದು ಬರೆಯಬೇಕಿತ್ತು. ಬಾಯಿಯ ಮುಂದೆ ಮಾತ್ರ, ಬರೆದಿದ್ದೇನೆ, ಉತ್ತರ ಬಂದಿಲ್ಲ, ಎಂದು ಸುಳ್ಳು ಹೇಳಿದೆ. ಮುಂದೆ ನನ್ನ ಮದುವೆಯಾಯಿತು, ರೈಲ್ವೆಯಲ್ಲಿದ್ದ ಗಂಡನೊಂದಿಗೆ ದೌಂಡಕ್ಕೆ ಹೋದೆ. ತವರಿಗೆ ಬಂದಾಗಲೆಲ್ಲ ಬಾಯಿ ನನ್ನ ಕೈ ಹಿಡಿದುಕೊಂಡು, “ಟಪಾಲು ಬಂತ ತಂಗಿ?” ಎಂದು ಕೇಳುತ್ತಿದ್ದರು. ಇಲ್ಲರಿ ಬಾಯಿ, ಎನ್ನುತ್ತಿದ್ದೆ. ಮತ್ತೆ ಅವರು ಏನೂ ಬರೆಯಲಿಲ್ಲ. ಸ್ವಾತಂತ್ರ್ಯ ಬಂದ ವರುಷ, ಮಳೆಗಾಲದಲ್ಲಿ, ಅದೇ ಕೋಣೆಯಲ್ಲಿ ತೀರಿಕೊಂಡರು.

ಅವರ ಟ್ರಂಕು ನನಗೆಂದು ಹೇಳಿಟ್ಟಿದ್ದರಂತೆ. ಅದರಲ್ಲಿ ಎರಡು ಸೀರೆ, ಒಂದಿಷ್ಟು ಮುರುಗಲ ಸಿಪ್ಪೆ, ಅಚ್ಚುಕೂಟದಿಂದ ಮರಳಿ ಬಂದ ನನ್ನ ಶುದ್ಧಪ್ರತಿ. ಅಂಚಿನಲ್ಲಿ ಅಚ್ಚಿನ ಮೊಳೆ ಜೋಡಿಸುವವನ ಕಪ್ಪು ಹೆಬ್ಬೆರಳ ಗುರುತು, ನಡುವೆ ನನ್ನ ದುಂಡನೆಯ ಅಕ್ಷರದಲ್ಲಿ ‘ಭರತ ಬಂದನು’. ಅಣ್ಣನ ಕಾಗದ ಬಂದ ವಾರವೇ ಬಾಯಿ ಆ ಪ್ರತಿಯನ್ನು ತನ್ನಿಂದ ಓದಿಸಿ ಕೇಳಿದ್ದರೆಂದು, ಅವರ ಶಾಲೆಯಲ್ಲಿದ್ದ, ಕನ್ನಡ ಬಲ್ಲ ಬೆಳಗಾವಿಯ ಮಾಸ್ತರಿಣಿ ಹೇಳಿದಳು.

ಹತ್ತು ವರುಷ ಗೊತ್ತಿತ್ತು ಅವರಿಗೆ. ಗೊತ್ತಿದ್ದೇ ಟಪಾಲು ಬಂತೇ ಎಂದು ಕೇಳುತ್ತಿದ್ದರು. ನನ್ನ ಬಾಯಿಂದಲೇ ಬರಲಿ ಎಂದಿದ್ದರೋ, ಈಗಲಾದರೂ ಬರೆದೇನು ಎಂಬ ಆಸೆಯೋ...

ಇವತ್ತು ಬೆಳಿಗ್ಗೆ ಆ ಪುಸ್ತಕ ತೆಗೆದು ಪೆನ್ನು ಹಿಡಿದೆ. ಒಂದೊಂದೇ ‘ಬಂದನು’ ಹೊಡೆದು ‘ಬಂತು’ ಎಂದು ಬರೆದೆ. ಮೊಮ್ಮಗಳು ಮುರುಗಲ ನೆನೆಹಾಕಿದ್ದಾಳೆ, ನೀರು ಕೆಂಪಾಗಿದೆ. ಕುರ್ವೆಯಲ್ಲಿ ಈಗ ಅಣ್ಣನೂ ಇಲ್ಲ, ಆ ಮನೆಯೂ ಇಲ್ಲವಂತೆ. ತಿದ್ದಿದ ಪುಸ್ತಕವನ್ನು ಯಾರಿಗೆ ಕಳಿಸಲಿ?