ಮಾವ ನೋಡದ ಗೋಳ

ಆಗೆಲ್ಲ ವೇಣೂರಿಗೆ ಬರುವ ಸಂಜೆ ಬಸ್ಸಿನಲ್ಲಿ ಮನುಷ್ಯರಿಗಿಂತ ಒಣಮೀನಿಗೇ ಹೆಚ್ಚು ಮರ್ಯಾದೆ. ಮೀನಿನ ಬುಟ್ಟಿ ಸೀಟಿನ ಮೇಲೆ, ನಾವು ನಿಂತುಕೊಂಡು. ಒಣಮೀನು, ಬೀಡಿಹೊಗೆ, ಯಾರೋ ಕಿಟಕಿಯಲ್ಲಿ ಕಕ್ಕಿದ್ದು, ಎಲ್ಲ ಸೇರಿದ ಒಂದು ವಾಸನೆ ಇತ್ತು. ನನ್ನ ಓರಗೆಯವರು ಅದನ್ನು ನೆನೆದು ಕಣ್ಣೊರೆಸಿಕೊಳ್ಳುತ್ತಾರೆ. ನಾನು ಇಂದಿಗೂ ಮೂಗು ಮುಚ್ಚಿಕೊಳ್ಳುತ್ತೇನೆ. ಮೀನಿನ ತಪ್ಪೇನೂ ಇಲ್ಲ. ಹೇಸಿಗೆ ಹುಟ್ಟಿಸಿದವರು ಮನುಷ್ಯರೇ.

ಅರುವತ್ತರ ದಶಕದ ಒಂದು ಸುಗ್ಗಿ ಕಾಲ. ನನಗೆ ಕಿವಿ ಸೋರುತ್ತಿತ್ತು. ಮಾವ, ಅಂದರೆ ಅಮ್ಮನ ಅಣ್ಣ, ನನ್ನನ್ನು ಮೂಡಬಿದಿರೆಯ ಡಾಕ್ಟರರಿಗೆ ತೋರಿಸಿ ವಾಪಸು ಕರೆತರುತ್ತಿದ್ದರು. ನಮ್ಮ ಮನೆಯಲ್ಲಿ ಯಜಮಾನಿಕೆ ಮಾವನದು. ಮನೆಯ ದೈವದ ಸೇವೆಯೂ ಅವರ ಕೈಯಲ್ಲೇ. ಅದೇ ಬಸ್ಸಿಗೆ ನನ್ನ ಅಕ್ಕ ಸುಮತಿ ಹೈಸ್ಕೂಲಿನ ದಿನದ ಪಾಠ ಮುಗಿಸಿ ಹತ್ತಿದಳು. ನಮ್ಮ ಕಡೆಯಿಂದ ಅಷ್ಟು ದೂರ ಓದಲು ಹೋಗುತ್ತಿದ್ದ ಹುಡುಗಿ ಅವಳೊಬ್ಬಳೇ. ವಿಜ್ಞಾನದ ಟೀಚರ್ ಆಗಬೇಕೆಂದು ಅವಳ ಆಸೆ.

ದಾರಿಯಲ್ಲಿ ಎಂಜಿನ್ ಕಾದು ಬುಸುಗುಟ್ಟಿತು. ಕಂಡಕ್ಟರ್ ಡಬ್ಬ ಹಿಡಿದು ತೋಡಿನ ನೀರಿಗೆ ಹೋದ. ಎಲ್ಲರೂ ಇಳಿದೆವು. ಸೂರ್ಯ ಆಗಷ್ಟೇ ಮುಳುಗಿದ್ದ. ಗದ್ದೆಯಲ್ಲಿ ಯಾರೋ ಗೊಬ್ಬರಕ್ಕೆಂದು ಸುಡುಮಣ್ಣು ಹಾಕಿದ್ದರು, ಅದರ ಹೊಗೆ ಏಳುತ್ತಿತ್ತು. ಆಗ ಗುಡ್ಡದ ಮೇಲೆ ಅದು ಕಾಣಿಸಿತು. ಮದುವೆಮನೆಯ ಕೊಪ್ಪರಿಗೆಯಷ್ಟು ದೊಡ್ಡ ಗೋಳ, ಕಂಚಿನ ಬಣ್ಣ. ರೆಕ್ಕೆಯಿಲ್ಲ, ಸದ್ದಿಲ್ಲ. ಸ್ವಲ್ಪ ಹೊತ್ತು ನಿಂತಿತು, ನಮ್ಮ ತಲೆಯ ಮೇಲಿಂದ ಪಡುವಣಕ್ಕೆ ಸಾಗಿತು.

"ಅಯ್ಯೋ, ಅದೆಂಥದು ಮಾರಾಯ್ರೇ!" ಎಂದು ಕಂಡಕ್ಟರ್ ಡಬ್ಬ ಬಿಟ್ಟ. ಮೀನಿನವರು ಕೈಮುಗಿದರು. ಮಾವ ಪಂಚೆ ಎತ್ತಿಕೊಂಡು ಬಸ್ಸಿನೊಳಕ್ಕೆ ಓಡಿ ಬುಟ್ಟಿಗಳ ನಡುವೆ ಕುಕ್ಕರಿಸಿದರು. ಹೆದರದೆ ನಿಂತು ನೋಡಿದವಳು ಅಕ್ಕ ಮಾತ್ರ.

"ನೋಡು," ಎಂದು ನನ್ನ ಹೆಗಲು ಹಿಡಿದಳು. "ಹೊಗೆ ಮೂಡಕ್ಕೆ ಹೋಗ್ತಾ ಉಂಟು. ಇದು ಪಡುವಣಕ್ಕೆ ಹೋಯ್ತು. ಬಲೂನಾದ್ರೆ ಗಾಳಿಯೊಟ್ಟಿಗೆ ಹೋಗ್ಬೇಕಿತ್ತು. ಇದರ ಒಳಗೆ ಎಂಥದೋ ಯಂತ್ರ ಉಂಟು. ನಾಳೆ ಮಾಷ್ಟ್ರ ಹತ್ರ ಕೇಳ್ತೇನೆ."

ಆ ನಾಳೆ ಬರಲಿಲ್ಲ. ಮನೆಗೆ ಬಂದವಳೇ ಅಕ್ಕ ಖುಷಿಯಿಂದ ಎಲ್ಲ ಹೇಳಿದಳು. ಅಮ್ಮ ಹೆದರಿ ಮಾವನ ಮುಖ ನೋಡಿದರು. "ಅಣ್ಣ, ಅದು ದೈವವೇ ಆಗಿದ್ದರೆ?" ದೈವವೇ ಆಗಿದ್ದರೆ ಅದರ ಸೇವೆ ಮಾಡುವವನು ಮೀನುಬುಟ್ಟಿಯ ಮರೆಗೆ ಓಡಿದ ಎಂದಾಗುತ್ತಿತ್ತು! ಊರಿನಲ್ಲಿ ತಲೆ ಎತ್ತುವುದು ಹೇಗೆ?

"ಎಂಥ ಗೋಳ? ನಾನು ಎಂಥದೂ ನೋಡ್ಲಿಲ್ಲ," ಎಂದರು ಮಾವ. ಅವರ ಶಾಲಿನಿಂದ ಒಣಮೀನು ನಾರುತ್ತಿತ್ತು.

"ಮಾವ, ನೀವೂ ಇದ್ರಲ್ಲ!" ಎಂದಳು ಅಕ್ಕ. "ನಾನೂ ನೋಡಿದೆ" ಎಂದು ನಾನು ಬಾಯಿ ಹಾಕಿದ್ದಕ್ಕೆ ಸೋರುವ ಕಿವಿಯ ಮೇಲೆಯೇ ಏಟು ಬಿತ್ತು. ಮರುದಿನ ಅಮ್ಮ ಮಾವನ ಎದುರೇ ಕಂಡಕ್ಟರನನ್ನು ಕೇಳಿದರು. ಅವನು ಮಾವನ ಮುಖ ನೋಡಿದ, "ಇಲ್ಲಪ್ಪ, ನಾನು ನೀರು ತರ್ಲಿಕ್ಕೆ ಹೋಗಿದ್ದೆ" ಎಂದ. ಮೀನಿನವರದೂ ಅದೇ ರಾಗ. ಬಸ್ಸು ತುಂಬ ಜನ, ಒಂದು ಜೊತೆ ಕಣ್ಣಿಲ್ಲ!

ಉಳಿದದ್ದು ಅಕ್ಕ. ಮಾವ ಕವಡೆ ಹಾಕಿ ಪ್ರಶ್ನೆ ಹೇಳುವವರನ್ನು ಕರೆಸಿದರು. ಮುಸ್ಸಂಜೆ ಹೊತ್ತು ಹೊರಗೆ ತಿರುಗುವ ಪ್ರಾಯದ ಹುಡುಗಿಗೆ ಏನೋ ತಾಗಿದೆ ಎಂದಾಯಿತು. ಅವಳ ಕೈಗೆ ನೂಲು ಕಟ್ಟಿ, ಯಾವುದೋ ಕಹಿ ಕಷಾಯ ಕುಡಿಸಿದರು. ಅವಳು ಕಕ್ಕಿದಾಗ "ನೋಡಿ, ಹೋಗ್ತಾ ಉಂಟು" ಎಂದು ಮಾವ ಸಮಾಧಾನಪಟ್ಟರು. ಇನ್ನು ಮುಸ್ಸಂಜೆ ಅವಳು ಹೊರಗಿರಕೂಡದು ಎಂದರು. ಶಾಲೆಯಿಂದ ಬರಲು ಆ ಸಂಜೆಯ ಬಸ್ಸು ಬಿಟ್ಟರೆ ಬೇರೆ ಬಸ್ಸಿರಲಿಲ್ಲ, ಹಾಗಾಗಿ ಶಾಲೆಯೂ ಬಿಟ್ಟುಹೋಯಿತು. ಪರೀಕ್ಷೆಗೆ ಕೂರಬೇಕಾದವಳು ಜಗಲಿಯಲ್ಲಿ ಮೊರ ಇಟ್ಟುಕೊಂಡು ಬೀಡಿ ಕಟ್ಟಲು ಕೂತಳು. ಮೊದಮೊದಲು "ನೀನು ನೋಡಿದ್ದೀಯಲ್ಲ?" ಎಂದು ನನ್ನನ್ನು ಮೆಲ್ಲಗೆ ಕೇಳುತ್ತಿದ್ದಳು. ಹೌದು ಎನ್ನುತ್ತಿದ್ದೆ. ಆಮೇಲೆ ಅದನ್ನೂ ಕೇಳುವುದು ಬಿಟ್ಟಳು.

ಕೆಲವು ವರ್ಷ ಕಳೆದು, ಬೇರೆ ದೇಶಗಳಲ್ಲಿ ಇಂಥ ಗೋಳಗಳು ಕಾಣಿಸಿವೆಯೆಂದು ಪೇಪರಿನಲ್ಲಿ ಬಂತು. ಅಕ್ಕಿ ತರಲು ಪೇಟೆಗೆ ಹೋದವಳು ಹೋಟೆಲಿನ ಎದುರು ನಿಂತುಬಿಟ್ಟೆ. ಒಳಗೆ ಮಾವ! ಎಣ್ಣೆ ಸುರಿಯುವ ಬನ್ಸ್ ಮುರಿಯುತ್ತ ಭಾಷಣ ಮಾಡುತ್ತಿದ್ದರು. "ನಮ್ಮ ಊರಲ್ಲಿ ಮೊದಲು ನೋಡಿದ್ದು ನಾನು. ಹೊಗೆ ಮೂಡಕ್ಕೆ, ಅದು ಪಡುವಣಕ್ಕೆ! ಬಲೂನಲ್ಲ ಅಂತ ನಾನು ಅಲ್ಲೇ ಹೇಳಿದೆ. ಒಳಗೆ ಅಯಸ್ಕಾಂತದ ಯಂತ್ರ ಉಂಟು, ರಷ್ಯಾದವರದ್ದು." ಪಕ್ಕದ ಮೇಜಿನಲ್ಲಿ ಅದೇ ಕಂಡಕ್ಟರ್. "ಹೌದೌದು, ನಾನೂ ಒಟ್ಟಿಗೇ ಇದ್ದೆ" ಎಂದ. ಎಲ್ಲರೂ ತಲೆದೂಗಿದರು. ಅಕ್ಕನ ಕಲಿಕೆಯನ್ನು ಕೊಂದದ್ದು ಸಾಲದೆಂದು ಅವಳ ಮಾತನ್ನೂ ತಿಂದು ಬಾಯಿ ಒರೆಸಿಕೊಂಡರಲ್ಲ!

ಅದು ಏನಾಗಿತ್ತೋ ನನಗೆ ಇವತ್ತಿಗೂ ಗೊತ್ತಿಲ್ಲ. ತಿಳಿದುಕೊಳ್ಳಬಲ್ಲವಳು ನಮ್ಮ ಮನೆಯಲ್ಲಿ ಒಬ್ಬಳಿದ್ದಳು. ಈಗ ಸುಡುಮಣ್ಣಿನ ಹೊಗೆಯಿಲ್ಲ, ಮಾವನೂ ಇಲ್ಲ, ಆಕಾಶದ ತುಂಬ ಉಪಗ್ರಹಗಳು. ಕಳೆದ ಸುಗ್ಗಿಯಲ್ಲಿ ಅಕ್ಕನ ಮನೆಗೆ ಹೋಗಿದ್ದಾಗ ಮುಸ್ಸಂಜೆ ಗುಡ್ಡದ ಮೇಲೆ ಬೆಳಕೊಂದು ಮೆಲ್ಲಗೆ ಹೋಗುತ್ತಿತ್ತು. "ಅಕ್ಕಾ, ಬಾ, ನೋಡುವ!" ಎಂದು ಅಂಗಳದಿಂದ ಕೂಗಿದೆ.

ಅಕ್ಕ ಜಗಲಿಯಲ್ಲಿ ಕೂತು ರವಿಕೆಗೆ ಗುಂಡಿ ಹಚ್ಚುತ್ತಿದ್ದಳು. ಆ ಮಬ್ಬಿನಲ್ಲಿ, ಕನ್ನಡಕವಿಲ್ಲದೆ, ಸೂಜಿಗೆ ನೂಲು ಪೋಣಿಸಿದಳು. ತಲೆ ಎತ್ತಲಿಲ್ಲ.

"ನನಗೆ ಎಂಥದೂ ಕಾಣುವುದಿಲ್ಲ ಮಾರಾಯ್ತಿ," ಎಂದಳು.