ಕೆರೆಯಾಚೆಯ ಮುಯ್ಯಾಳು

ಶನಿವಾರ ಬಂತೆಂದರೆ ಈಗ ನನಗೆ ಬೆಳಿಗ್ಗೆಯೇ ಸುಸ್ತು. ಟೆಂಟುಗಳನ್ನು ಶೆಡ್ಡಿನಿಂದ ಹೊತ್ತು ತರಬೇಕು, ಗೂಟ ಹೊಡೆಯಬೇಕು, ಪಾಯಖಾನೆ ತೊಳೆದು ಡ್ರಮ್ಮಿಗೆ ನೀರು ತುಂಬಬೇಕು, ಅಡಿಗೆ ಮಾಡುವ ಜಾಗಕ್ಕೆ ಮಂಜು ಬೀಳದ ಹಾಗೆ ಮೇಲೆ ತಾಡಪತ್ರಿ ಕಟ್ಟಬೇಕು. ಊಟದ ಹೊತ್ತಿಗೆಲ್ಲ ಹುಬ್ಬಳ್ಳಿ ಕಡೆಯ ಬೈಕುಗಳು ನಿಲ್ಕುಂದ ದಾಟಿ ಬಂದುಬಿಡುತ್ತವೆ.

ಕ್ಯಾಂಪು ನಮ್ಮೂರ ಅರಣ್ಯ ಸಮಿತಿಯದು. ಗುಡ್ಡಗಳ ನಡುವೆ ಒಂದು ಕೆರೆ, ಅದರ ಈಚೆ ದಂಡೆಯಲ್ಲಿ ಒಂದಿಷ್ಟು ಬಯಲು. ಯಾರು ಬೇಕಾದರೂ ಬಂದು ರಾತ್ರಿ ಉಳಿಯಬಹುದು. ಆ ಬಯಲು ಮೊದಲು ಬಯಲಾಗಿರಲಿಲ್ಲ. ಮುಳ್ಳು ಕಡಿದು, ಕಲ್ಲು ಕಿತ್ತು, ಮಟ್ಟ ಮಾಡಿದವನು ನಾನು. ಐದನೇ ಇಯತ್ತೆಗೆ ಶಾಲೆ ಬಿಟ್ಟವನು. ಅಲ್ಲಿಂದ ಈಚೆಗೆ ಯಾರ ಮುಂದೆಯೂ 'ಇದು ನನ್ನ ಕೈಲಾಗದು' ಅಂತ ಹೇಳಿದ್ದಿಲ್ಲ. ಹಾಗಾಗಿ ಬಲಗೈ ಭುಜದಿಂದ ಮೇಲೆ ಏಳದೇ ಹೋದಾಗಲೂ ಹೇಳಲಿಲ್ಲ.

ಶಿರಸಿಯ ಡಾಕ್ಟರು, ಭುಜದ ಕೀಲು ಹಿಡಿದಿದೆ, ದಿನಾ ಗೋಡೆ ಮೇಲೆ ಬೆರಳು ಹತ್ತಿಸು ಅಂದರು. ಬಚ್ಚಲ ಗೋಡೆ ಮೇಲೆ ಹಲ್ಲಿಯ ಹಾಗೆ ಬೆರಳು ಹತ್ತಿಸಿದೆ. ಹಲ್ಲಿ ಗದ್ದದವರೆಗೆ ಹೋಗಿ ನಿಂತಿತು. ಇನ್ನೂ ಅಲ್ಲೇ ಇದೆ.

"ಸಮಿತಿಯವರಿಗೆ ಹೇಳಿಬಿಡಿ" ಎಂದಳು ಹೆಂಡತಿ.

"ಹೇಳಿದರೆ ನಾಳೆಯೇ ಯಲ್ಲಾಪುರದವನ ಕೈಗೆ ಹೋಗ್ತದೆ" ಎಂದೆ. ಅಲ್ಲಿಯ ಗುತ್ತಿಗೆದಾರನೊಬ್ಬ ಕ್ಯಾಂಪನ್ನು ತನಗೆ ವಹಿಸಿ ಎಂದು ಅಧ್ಯಕ್ಷರ ಮನೆಗೆ ಆಗಲೇ ಎರಡು ಸಲ ಬಂದು ಹೋಗಿದ್ದ. ನಾನು ಮಟ್ಟ ಮಾಡಿದ ಜಾಗದಲ್ಲಿ ಬೇರೆಯವನು ಗೂಟ ಹೊಡೆಯುವುದನ್ನು ನೋಡುವುದಕ್ಕಿಂತ ಭುಜ ಮುರಿದು ಬೀಳಲಿ ಅಂತಿತ್ತು ನನಗೆ.

ಅದಕ್ಕೆ ಉಪಾಯ ಮಾಡಿಕೊಂಡೆ. ಸ್ಟೂಲು ಹತ್ತಿ, ಹಗ್ಗದ ಒಂದು ತುದಿಯನ್ನು ಹಲ್ಲಲ್ಲಿ ಕಚ್ಚಿ, ಎಡಗೈಯಲ್ಲಿ ಮತ್ತಿಮರದ ಕೊಂಬೆಗೆ ಗಂಟು ಹಾಕುವುದು. ಒಂದು ಶನಿವಾರ ಹಾಗೆ ಕಟ್ಟುತ್ತಿದ್ದಾಗ ಬೆನ್ನ ಹಿಂದೆ ದನಿ ಕೇಳಿತು.

"ಎಂತ ಭಾವ, ಹಗ್ಗ ತಿಂತಾ ಇದ್ದೆಯಾ? ಮನೇಲಿ ಅನ್ನ ಹಾಕಲಿಲ್ಲವಾ?"

ಕೆರೆಯ ಆಚೆ ದಂಡೆಯಲ್ಲಿ ಗದ್ದೆ ಇರುವವನು. ನಮಗೆ ನೆಂಟಸ್ತಿಕೆ ಏನಿಲ್ಲ, ಚಿಕ್ಕಂದಿನಿಂದ ಒಬ್ಬರಿಗೊಬ್ಬರು ಭಾವ ಅನ್ನುವ ರೂಢಿ. ಆ ದಂಡೆಯಿಂದ ನನ್ನ ಸ್ಟೂಲು, ಹಲ್ಲು ಎಲ್ಲ ಕಂಡಿತ್ತಂತೆ. ನನ್ನನ್ನು ಕೆಳಗಿಳಿಸಿ ಎರಡು ನಿಮಿಷದಲ್ಲಿ ಕಟ್ಟಿ ಮುಗಿಸಿದ.

"ಇದರ ಮುಯ್ಯಿ ಯಾವಾಗ ತೀರಿಸಲಿ?" ಎಂದೆ.

"ಕೇಳಿದವರು ಯಾರು ಮಾರಾಯಾ?"

ಕೇಳಬೇಕಾಗಿಲ್ಲ. ನಮ್ಮಲ್ಲಿ ಒಬ್ಬ ಬಂದು ಒಂದು ದಿನ ನಿನ್ನ ಗದ್ದೆಯಲ್ಲಿ ದುಡಿದರೆ ನೀನೂ ಒಂದು ದಿನ ಅವನ ಗದ್ದೆಗೆ ಹೋಗಬೇಕು. ಅದೇ ಮುಯ್ಯಾಳು. ಕೂಲಿಯೂ ಅಲ್ಲ, ಉಪಕಾರವೂ ಅಲ್ಲ, ಇಬ್ಬರೂ ತಲೆಯೆತ್ತಿ ತಿರುಗಬಹುದು. ಆಮೇಲೆ ಭಾವ ಪ್ರತಿ ಶನಿವಾರ ಕರೆಯದೆ ಬಂದ. ತಾಡಪತ್ರಿ ಕಟ್ಟಿದ, ಎಲೆಯಡಿಕೆಯ ಕವಳ ಹಾಕಿದ, ಹೋದ. ನಾನು ಮಾತ್ರ ಪ್ರತಿ ವಾರ ಒಂದಿಷ್ಟು ಕುಗ್ಗಿದೆ.

ಕೊಯ್ಲು ಬಂದಾಗ ಕತ್ತಿ ಹಿಡಿದು ಅವನ ಗದ್ದೆಗಿಳಿದೆ. ಕೊಯ್ಯುವುದು ಹೇಗೋ ಆಯಿತು, ಬಗ್ಗಿ ಮಾಡುವ ಕೆಲಸ. ಹೊರೆ ಎತ್ತಿ ತಲೆಗೇರಿಸುವಾಗ ಕೈ ಅರ್ಧಕ್ಕೇ ನಿಂತಿತು. ಹೊರೆ ಜಾರಿ ಕೆಸರಿಗೆ ಬಿತ್ತು, ಕಾಳು ಉದುರಿತು. ಭಾವನ ಹೆಂಡತಿ ಬಂದು ಆ ಹೊರೆಯನ್ನು ತಾನು ಹೊತ್ತುಕೊಂಡು ಹೋದಳು. ಅವಳು ಬೈದಿದ್ದರೂ ಚೆನ್ನಾಗಿತ್ತು.

ಸಂಜೆ ಭಾವ ಕಣದಲ್ಲಿ ಕೂತು ಹೇಳಿದ: "ಭತ್ತ ಬಡಿದು ಆದಮೇಲೆ ಅಂಗಳದಲ್ಲಿ ಒಣ ಹಾಕ್ತೆ. ಶನಿವಾರ ನೀ ಬಂದು ಭತ್ತ ಮುಕ್ಕದ ಹಾಗೆ ಕೋಳಿ ಕಾಯಿ. ನಾ ನಿನ್ನ ಕ್ಯಾಂಪಿಗೆ ಹೋಗ್ತೆ. ಮುಯ್ಯಿ ತೀರ್ತು."

ಕೋಳಿ ಕಾಯುವುದು! ಹಲ್ಲು ಬಿದ್ದ ಮುದುಕಿಯರು, ಶಾಲೆಗೆ ಹೋಗದ ಮಕ್ಕಳು ಮಾಡುವ ಕೆಲಸ. ಕತ್ತಿ ಎತ್ತಿಕೊಂಡು ಎದ್ದು ಬಂದೆ. ಕ್ಯಾಂಪಿನ ಕೀಲಿಯನ್ನು ಅಧ್ಯಕ್ಷರಿಗೆ ಕೊಟ್ಟುಬಿಡುತ್ತೇನೆ, ಈ ಮರ್ಯಾದೆಗೇಡು ಬೇಡ ಎಂದು ಮನೆಯಲ್ಲಿ ಕೂಗಾಡಿದೆ.

ಹೆಂಡತಿ ಒಲೆ ಮುಂದಿನಿಂದ ಏಳಲೂ ಇಲ್ಲ. "ಕೋಳಿ ಕಾಯ್ದರೆ ಕ್ಯಾಂಪು ಉಳೀತದೆ. ಕೀಲಿ ಕೊಟ್ಟರೆ ಮನೇಲಿ ಕೂತು ನನ್ನ ಕೋಳಿ ಕಾಯಬೇಕು. ಯಾರ ಕೋಳಿ ಅಂತ ನೀವೇ ನೋಡಿ."

ಶನಿವಾರ ಕ್ಯಾಂಪಿನ ಗೂಟ, ನೀರಿನ ಕೆಲಸ ಬೆಳಿಗ್ಗೆ ಬೇಗ ಮುಗಿಸಿ ಹೋದೆ. ಅಂಗಳದ ತುಂಬ ಭತ್ತ ಹರವಿತ್ತು. ಭಾವನ ಹೆಂಡತಿ ಒಂದು ಬಿದಿರುಗೋಲು ಕೊಟ್ಟು, "ಕುಂಟುಕಾಲಿನ ಹುಂಜ ಒಂದದೆ, ಅದನ್ನ ನಂಬಬೇಡಿ ಅಣ್ಣ" ಎಂದು ಒಳಗೆ ಹೋದಳು. ಕೂತೆ. ಎದ್ದೆ. ಕೂತೆ. ಕೋಳಿಗಳನ್ನು ಈ ಕಡೆ ಓಡಿಸಿದರೆ ಆ ಕಡೆಯಿಂದ ಬರುತ್ತಿದ್ದವು. ಗಂಟೆಗೊಮ್ಮೆ ಭತ್ತ ಮಗುಚಲು ಅದರಲ್ಲಿ ಕಾಲಿಂದ ಗೆರೆ ಎಳೆಯುತ್ತ ನಡೆಯಬೇಕು. ಬಿಸಿಲು ನೆತ್ತಿ ಸುಟ್ಟಿತು. ಕೂತು ಮಾಡುವ ಕೆಲಸದಲ್ಲಿ ಇಷ್ಟು ದಣಿವಿದೆ ಅಂತ ನನಗೆ ಗೊತ್ತೇ ಇರಲಿಲ್ಲ.

ದಾರಿಯಲ್ಲಿ ಹೋಗುತ್ತಿದ್ದ ಸಮಿತಿಯ ಅಧ್ಯಕ್ಷರು ಬೈಕು ನಿಲ್ಲಿಸಿದರು. "ಇದೆಂತ, ನೀ ಇಲ್ಲಿ? ಅಲ್ಲಿ ಜನ ಬಂದ್ರಲ್ಲ!"

ಸುಳ್ಳು ಬಾಯಿಗೆ ಬಂದಿತ್ತು. ಆದರೆ ಕೋಲು ಕೈಯಲ್ಲಿತ್ತು, ಹುಂಜ ಭತ್ತದಲ್ಲಿತ್ತು, ನನಗೆ ಸಾಕಾಗಿಯೂ ಹೋಗಿತ್ತು.

"ಬಲಗೈ ಮೇಲೆ ಏಳುವುದಿಲ್ಲ" ಎಂದೆ. "ಎತ್ತಿ ಕಟ್ಟುವ ಕೆಲಸ ಭಾವ ಮಾಡ್ತಾನೆ. ಅದಕ್ಕೆ ನಾ ಇಲ್ಲಿ ಮುಯ್ಯಿ ಬಂದಿದ್ದೆ. ಉಳಿದದ್ದೆಲ್ಲ ನಾನೇ ಮಾಡ್ತೆ. ಆಗದಿದ್ದರೆ ಹೇಳಿ, ಕೀಲಿ ಕೊಡ್ತೆ."

ಅವರು ಒಂದು ಗಳಿಗೆ ನನ್ನ ಭುಜವನ್ನೇ ನೋಡಿದರು. "ನನಗೆ ಮಂಡಿ" ಎಂದರು. "ಎರಡೂ. ಕೀಲಿ ಇಟ್ಕೊ ಮಾರಾಯ, ಪಾಯಖಾನೆ ತೊಳೀಲಿಕ್ಕೆ ಆ ಯಲ್ಲಾಪುರದವ ಬರ್ತಾನಾ?" ಬೈಕು ಒದ್ದು ಹೋದರು.

ಹೀಗೆ ಕ್ಯಾಂಪು ಉಳಿಯಿತು. ದೊಡ್ಡ ಸಂತೋಷವೇನೂ ಆಗಲಿಲ್ಲ, ಸುಳ್ಳಾಡದೆ ಉಳಿಯಿತಲ್ಲ ಎಂಬ ಸಮಾಧಾನ ಅಷ್ಟೆ. ಈಗಲೂ ಭಾವ ಕೊಂಬೆಗೆ ಹಗ್ಗ ಎಸೆದು ಎರಡೂ ಕೈ ಮೇಲೆತ್ತಿದಾಗ ನಾನು ಬೇರೆ ಕಡೆ ತಿರುಗಿ ಗೂಟ ಹೊಡೆಯುತ್ತ ಇರುತ್ತೇನೆ.