ಬಾಯಿ ಮುಕ್ಕಳಿಸಿದ್ದರ ಫಲ

ಮೈಸೂರಿನ ದಟ್ಟಗಳ್ಳಿಯಲ್ಲಿ ನಮಗೊಬ್ಬಳು ಹಲ್ಲಿನ ಡಾಕ್ಟರು ಸಿಕ್ಕಿದ್ದಾಳೆ. ವಯಸ್ಸಿನಲ್ಲಿ ನನ್ನ ಮೊಮ್ಮಗಳಂಥವಳು, ಗದರುವುದರಲ್ಲಿ ನನ್ನ ಸೋದರತ್ತೆಯಂಥವಳು. ಹೋದ ತಿಂಗಳು ನನ್ನ ವಸಡನ್ನು ಅಲ್ಲಿ ಇಲ್ಲಿ ಚುಚ್ಚಿ ನೋಡಿ ಒಂದು ಬಾಟಲಿ ಮೌತ್‌ವಾಶ್ ಬರೆದುಕೊಟ್ಟಳು. ಬೆಳಿಗ್ಗೆ ಒಂದು ಮುಚ್ಚಳ, ಸಂಜೆ ಒಂದು ಮುಚ್ಚಳ, ಬಾಯಲ್ಲಿ ಆಡಿಸಿ ಉಗಿಯಬೇಕು. ವಿಧೇಯ ರೋಗಿಯಾದ ನಾನು ಹಾಗೇ ಮಾಡಿದೆ. ಈಗ ಕನ್ನಡಿ ಮುಂದೆ ಹಲ್ಲು ಕಿರಿದರೆ ಸಂದಿ ಸಂದಿಯಲ್ಲೂ ಕಂದು ಕಲೆ. ಸಾರು ಉಂಡರೂ ಪಾಯಸ ಉಂಡರೂ ತಾಮ್ರದ ಚೊಂಬು ನೆಕ್ಕಿದ ರುಚಿ. ಗಾಬರಿಯಾಗಿ ಫೋನ್ ಮಾಡಿದೆ. "ಅಂಕಲ್, ಅದು ಸೈಡ್ ಎಫೆಕ್ಟು. ಬಾಟಲಿ ಜೊತೆ ಚೀಟಿ ಇತ್ತಲ್ಲ, ಓದಲಿಲ್ವಾ?" ಅಂದಳು.

ಕನ್ನಡಕ ಹುಡುಕಿ ಓದಿದೆ. ಹಲ್ಲಿಗೆ ಕಲೆ ಹಿಡಿಯಬಹುದು, ಸ್ವಲ್ಪ ದಿನ ರುಚಿ ಕೆಡಬಹುದು, ನಾಲಿಗೆ ಉರಿಯಬಹುದು ಎಂದು ಇರುವೆ ಕಾಲಿನಷ್ಟು ಸಣ್ಣ ಅಕ್ಷರದಲ್ಲಿತ್ತು. ಓದಿ ಒಬ್ಬನೇ ನಕ್ಕೆ. ಬಾಯಿ ಮುಕ್ಕಳಿಸಿ ಹಲ್ಲು ಕೆಡಿಸಿಕೊಳ್ಳುವುದು ನನಗೇನೂ ಹೊಸದಲ್ಲ ಸ್ವಾಮಿ. ಹಿಂದೊಮ್ಮೆ ಕೆಡಿಸಿಕೊಂಡಾಗ ಆದ ಸೈಡ್ ಎಫೆಕ್ಟುಗಳು ಯಾವ ಚೀಟಿಯಲ್ಲೂ ಹಿಡಿಸುವಂಥವಲ್ಲ. ಪುರುಸೊತ್ತಿದ್ದರೆ ಕೂತು ಕೇಳಿ, ಹೇಳುತ್ತೇನೆ.

ರಾಜ್ಯಕ್ಕೆ ಇನ್ನೂ ಮೈಸೂರು ಎಂದೇ ಹೆಸರಿದ್ದ ಕಾಲ. ನಾನು ಒಂದು ವಿಮಾ ಕಚೇರಿಯಲ್ಲಿ ಗುಮಾಸ್ತ. ಚಾಮರಾಜಪುರಂನಲ್ಲಿ ಸೋದರತ್ತೆ ಪುಟ್ಟತಾಯಮ್ಮನ ಮನೆಯಲ್ಲಿ ವಾಸ. ಅತ್ತೆಗೆ ಮಕ್ಕಳಿರಲಿಲ್ಲ, ಹಾಗಾಗಿ ಬೈಯುವುದಕ್ಕೂ ಮದುವೆ ಮಾಡುವುದಕ್ಕೂ ನಾನೊಬ್ಬನೇ ಗತಿ. ಆಗ ನಾನು ಹೇಗಿದ್ದೆ ಎಂದು ಕೇಳಬೇಡಿ. ತೆಳ್ಳಗೆ, ಉದ್ದಕ್ಕೆ, ಎಣ್ಣೆ ಹಾಕಿ ಮಟ್ಟಸವಾಗಿ ಬಾಚಿದ ಕ್ರಾಪು. ನನ್ನಂಥ ವರ ಇಡೀ ಮೈಸೂರಿನಲ್ಲಿಲ್ಲ ಎಂದು ನನಗೆ ಖಾತ್ರಿಯಿತ್ತು. ಆ ಅಭಿಪ್ರಾಯ ನನ್ನೊಬ್ಬನದೇ ಆಗಿತ್ತು ಎನ್ನುವುದು ಬೇರೆ ಮಾತು.

ಸರಸ್ವತಿಪುರಂನಲ್ಲಿ ಹೊಸದಾಗಿ ಮನೆ ಕಟ್ಟಿಸಿದ್ದ ಶಿರಸ್ತೇದಾರ್ ನಿಂಗೇಗೌಡರ ಮಗಳನ್ನು ಅತ್ತೆ ಗೊತ್ತು ಮಾಡಿಕೊಂಡು ಬಂದಳು. ಹುಡುಗಿಯ ಹೆಸರು ವಿಮಲ. ಬಿ.ಎಸ್ಸಿ. ಕಡೆಯ ವರ್ಷ ಓದುತ್ತಿದ್ದಳು. ಗೌಡರು ಒಳ್ಳೆಯವರು, ಆದರೆ ಒಂದು ವಿಷಯದಲ್ಲಿ ಉಗ್ರ. ಅವರ ತಮ್ಮ ಹೊಗೆಸೊಪ್ಪು ಅಗಿದೂ ಅಗಿದೂ ಬಾಯಿ ಹುಣ್ಣಾಗಿ ತೀರಿಕೊಂಡಿದ್ದ. ಅಂದಿನಿಂದ ಹೊಗೆಸೊಪ್ಪು ಹಾಕುವವನನ್ನು ಅವರು ಜಗುಲಿಯ ಮೇಲೂ ಕೂರಿಸುತ್ತಿರಲಿಲ್ಲ. ಅತ್ತೆ ಅದನ್ನು ಕೇಳಿ ಖುಷಿಪಟ್ಟಿದ್ದಳು. ನಾನು ಎಲೆ ಅಡಿಕೆಯನ್ನೂ ಮುಟ್ಟದ ಹುಡುಗ ತಾನೇ.

ಹೆಣ್ಣು ನೋಡುವ ಶಾಸ್ತ್ರದ ಹಿಂದಿನ ದಿನ ಅತ್ತೆ ನನಗೆ ಕಾಫಿ ಕೊಡಲು ಬಂದವಳು ಮೂಗಿಗೆ ಸೆರಗು ಹಿಡಿದಳು.

"ಅಲ್ಲ ಕಣೋ, ನಮ್ಮೂರ್ ಕೆರೆ ಬತ್ತೋದಾಗ ಬರ್ತಿತ್ತಲ್ಲ ವಾಸ್ನೆ, ಅಂಗೇ ಬತ್ತದೆ ನಿನ್ ಬಾಯಲ್ಲಿ. ನಾಳೆ ಅವರ ಮನೇಲಿ ಎಂಗೆ ಮಾತಾಡೀಯೆ?"

ಅತ್ತೆಯ ಮಾತಿನಲ್ಲಿ ಅರ್ಧ ಉತ್ಪ್ರೇಕ್ಷೆ ಎಂದು ಕಳೆದರೂ ಉಳಿದರ್ಧವೇ ಸಾಕಷ್ಟಿತ್ತು. ನೇರ ನನ್ನ ಗೆಳೆಯ ಅಂತೋಣಿಯ ಹತ್ತಿರ ಓಡಿದೆ. ಅವನು ಒಂದು ಔಷಧಾಲಯದಲ್ಲಿ ಕಾಂಪೌಂಡರು. ಭಾನುವಾರ ಚರ್ಚಿನಲ್ಲಿ ಹಾಡುವವನಾದ್ದರಿಂದ ಗಂಟಲು, ಬಾಯಿ ಇವುಗಳ ಆರೈಕೆಯಲ್ಲಿ ಪಳಗಿದವನು. ಒಂದು ಪೊಟ್ಟಣದಲ್ಲಿ ಕಡುನೇರಳೆ ಹರಳುಗಳನ್ನು ಕಟ್ಟಿಕೊಟ್ಟ. ಪರ್ಮಾಂಗನೇಟು. ಕಾಲರಾ ಬಂದಾಗ ಬಾವಿಗೆ ಹಾಕುತ್ತಾರಲ್ಲ, ಅದೇ.

"ಒಂದು ಲೋಟ ನೀರಿಗೆ ಒಂದೇ ಒಂದು ಹರಳು ಕಣಪ್ಪ. ತೆಳು ಗುಲಾಬಿ ಬಣ್ಣ ಬಂದ್ರೆ ಸಾಕು. ಜಾಸ್ತಿ ಹಾಕ್ಬುಟ್ಟೀಯ," ಎಂದು ಎಚ್ಚರಿಸಿಯೂ ಇದ್ದ.

ಒಂದು ಹರಳು ಹಾಕಿದೆ. ತೆಳು ಗುಲಾಬಿ ಬಣ್ಣ ಬಂತು. ನೋಡಿದರೆ ಅಸಡ್ಡೆಯಾಯಿತು. ಇಡೀ ಬಾವಿಯನ್ನು ಶುದ್ಧ ಮಾಡುವ ಔಷಧಿಯನ್ನು ಹೀಗೆ ಜಿಪುಣನ ಹಾಗೆ ಹಾಕಿದರೆ ಕೆರೆಯ ವಾಸನೆ ಹೋಗುತ್ತದೆಯೇ? ನಾಳೆ ಕೂರಬೇಕಾದ್ದು ಶಿರಸ್ತೇದಾರರ ಮುಂದೆ. ಪೊಟ್ಟಣವನ್ನೇ ಸುರಿದೆ. ನೀರು ನೇರಳೆ ಹಣ್ಣಿನ ರಸದ ಹಾಗೆ ಕಪ್ಪಗಾಯಿತು. ಆಗ ಸಮಾಧಾನವಾಗಿ, ಬಚ್ಚಲಿನ ಬಾಗಿಲು ಹಾಕಿಕೊಂಡು, ಲೋಟ ಖಾಲಿಯಾಗುವವರೆಗೂ ಮುಕ್ಕಳಿಸಿದೆ. ಬಾಯೆಲ್ಲ ಭಗಭಗ ಉರಿಯಿತು. ಉರಿದಷ್ಟೂ ಔಷಧಿ ಕೆಲಸ ಮಾಡುತ್ತಿದೆ ಎಂದುಕೊಂಡೆ. ಮಾರನೆಯ ಬೆಳಿಗ್ಗೆ ಕನ್ನಡಿ ನೋಡಿಕೊಂಡರೆ, ಹಲ್ಲುಗಳೆಲ್ಲ ಅಪ್ಪಟ ಹೊಗೆಸೊಪ್ಪಿನ ಬಣ್ಣ. ಇದ್ದಲು ಪುಡಿ, ಉಪ್ಪು, ಬೇವಿನ ಕಡ್ಡಿ, ಯಾವುದಕ್ಕೂ ಜಗ್ಗಲಿಲ್ಲ. ವಾಸನೆಯೇನೋ ಹೋಗಿತ್ತು.

ಹೋಗದೆ ಇರುವ ಹಾಗಿಲ್ಲ. ಅತ್ತೆ ರೇಷ್ಮೆ ಸೀರೆ ಉಟ್ಟು ಜಟಕಾ ಕರೆಸಿಯಾಗಿತ್ತು. ನಾನು ಒಂದೇ ಉಪಾಯ ಮಾಡಿದೆ. ಬಾಯಿ ಮುಚ್ಚಿಕೊಂಡೆ. ನನ್ನನ್ನು ಬಲ್ಲವರಿಗೆ ಅದು ಎಂಥ ಸಾಹಸ ಎಂದು ಗೊತ್ತು. ಗೌಡರ ಮನೆಯಲ್ಲಿ ಏನು ಕೇಳಿದರೂ ಕತ್ತು ಆಡಿಸಿದೆ. ತೀರಾ ಬಾಯಿ ಬಿಡಲೇಬೇಕಾದಾಗ ಕರ್ಚೀಫು ಅಡ್ಡ ಹಿಡಿದು ಹೂಂ, ಉಹೂಂ ಎಂದೆ. ಗೌಡರು ಎರಡು ಸಲ ನಗೆಚಾಟಿಕೆ ಹೇಳಿ ನೋಡಿದರು. ನಾನು ತುಟಿ ಬಿಗಿದು ನೆಲ ನೋಡಿದೆ. ಉಪ್ಪಿಟ್ಟು ಬಂತು, ಕೇಸರಿಬಾತು ಬಂತು. ನಾಲಿಗೆ ಸತ್ತುಹೋಗಿದ್ದರಿಂದ ಎರಡೂ ಒಂದೇ ಅನ್ನಿಸಿತು. ಗೌಡರು ಅತ್ತೆಗೆ ಹೇಳಿದ್ದು ನನಗೂ ಕೇಳಿಸಿತು.

"ಈಗಿನ ಹುಡುಗ್ರು ಬಾಯ್ಬಡುಕರು ಕಣಮ್ಮ. ಇವರು ನೋಡಿ, ಎಷ್ಟು ಗಂಭೀರ. ನಮಗಂತೂ ಒಪ್ಪಿಗೆ. ಫಾಲ್ಗುಣದೊಳಗೆ ಮಾಡ್ಬುಡಣ."

ನನ್ನ ಗುಣಕ್ಕೆ ಸಿಕ್ಕಿದ ಏಕೈಕ ಸರ್ಟಿಫಿಕೇಟು ಅದು. ಅದೂ ಬಾಯಿ ಮುಚ್ಚಿಕೊಂಡಿದ್ದಕ್ಕೆ.

ತಿಂಡಿಯಾದ ಮೇಲೆ ಕೈ ತೊಳೆಯಲು ಹಿತ್ತಿಲಿಗೆ ಹೋದೆ. ನೀರು ಹಾಕಲು ಚೊಂಬು ಹಿಡಿದು ನಿಂತಿದ್ದವಳು ವಿಮಲ. ಅದು ಹಿರಿಯರ ಜಾಣತನ. ಹುಡುಗ ಹುಡುಗಿ ಒಂದು ಗಳಿಗೆ ಹತ್ತಿರದಿಂದ ನೋಡಿಕೊಳ್ಳಲಿ ಎಂದು. ಕೈ ತೊಳೆದೆ. ಬಾಯಿ ಮುಕ್ಕಳಿಸದೆ ಒಳಗೆ ಹೋಗುವ ಪದ್ಧತಿ ನಮ್ಮಲ್ಲಿಲ್ಲವಲ್ಲ. ಆಚೆ ತಿರುಗಿ ಮುಕ್ಕಳಿಸಿದೆ. ಎಷ್ಟು ತಿರುಗಿದರೂ ಕಂಡುಬಿಟ್ಟಿತು.

"ಪರ್ಮಾಂಗನೇಟಾ?" ಎಂದಳು.

ಬೆಚ್ಚಿಬಿದ್ದು ನೋಡಿದೆ. ಅವಳು ಅಲ್ಲಿಯವರೆಗೂ ಸೆರಗಿನಲ್ಲಿ ಮುಚ್ಚಿಟ್ಟುಕೊಂಡಿದ್ದ ಇನ್ನೊಂದು ಕೈಯನ್ನು ಚಾಚಿದಳು. ಬೆರಳ ತುದಿಗಳೆಲ್ಲ ನನ್ನ ಹಲ್ಲಿನದೇ ಬಣ್ಣ.

"ಲ್ಯಾಬಲ್ಲಿ ದಿನಾ ಇದೇ ಕೆಲಸ ನಮಗೆ. ಅಮ್ಮ ಬೆಳಿಗ್ಗೆಯಿಂದ ಬೈತಿದಾಳೆ, ಕೈ ಮುಚ್ಕೋ ಮುಚ್ಕೋ ಅಂತ. ನೀವು ಅದಕ್ಕೇ ಮಾತಾಡ್ಲಿಲ್ವಾ?"

ನಾನು ಹೂಂ ಎಂದೆ. ಅವಳು ನಕ್ಕಳು. ಸದ್ದಿಲ್ಲದೆ, ಚೊಂಬಿನ ನೀರು ತುಳುಕುವ ಹಾಗೆ. ಸ್ವಾಮಿ, ಮುಚ್ಚುಮರೆ ಏಕೆ, ಆ ಹುಡುಗಿ ನನಗೆ ಬೇಕು ಅನ್ನಿಸಿದ್ದು ಆಗ. ಕೇಸರಿಬಾತು ತಂದು ಇಟ್ಟಾಗಲೂ ಅಲ್ಲ, ತಲೆ ಬಗ್ಗಿಸಿ ಕೂತಿದ್ದಾಗಲೂ ಅಲ್ಲ.

ಅವಳು ಒಳಬಾಗಿಲ ಕಡೆ ಒಮ್ಮೆ ನೋಡಿ, ದನಿ ತಗ್ಗಿಸಿ ಬೇಗ ಬೇಗ ಹೇಳಿದಳು. "ಪರೀಕ್ಷೆ ಏಪ್ರಿಲ್‌ನಲ್ಲಿದೆ. ಅಪ್ಪ ಫಾಲ್ಗುಣದಲ್ಲಿ ಮದುವೆ ಅಂತಿದಾರೆ. ಮದುವೆ ಆದ್ಮೇಲೆ ಓದು ಯಾಕೆ ಅಂತಾರೆ, ಗೊತ್ತು ನಂಗೆ. ಮೂರು ವರ್ಷ ಓದಿದ್ದು ನೀರಲ್ಲಿ ಹೋಗತ್ತೆ."

"ನಾನು ಬೇಡ ಅಂದ್ಬಿಡ್ಲಾ?" ಎಂದೆ, ಕರ್ಚೀಫು ಮರೆತು.

"ನೀವು ಬೇಡ ಅಂದ್ರೆ ಅವಮಾನ ಅಂತ ಮುಂದಿನ ವಾರವೇ ಇನ್ನೊಬ್ಬನ್ನ ಕರ್ಕೊಂಡ್ ಬರ್ತಾರೆ. ಅಪ್ಪನೇ ಬೇಡ ಅನ್ನಬೇಕು. ಒಂದ್ಸಲ ಮೋಸ ಹೋಗ್ತಿದ್ದೆ ಅಂತ ಹೆದರಿದ್ರೆ, ಮುಂದಿನವನ ವಿಚಾರ ಆರು ತಿಂಗಳು ಮಾಡ್ತಾರೆ. ಅಷ್ಟರಲ್ಲಿ ನನ್ನ ಪರೀಕ್ಷೆ ಮುಗಿದಿರತ್ತೆ." ಸ್ವಲ್ಪ ತಡೆದು ಹೇಳಿದಳು, "ನೀವು ಏನೂ ಸುಳ್ಳು ಹೇಳೋದು ಬೇಡ. ಒಳಗೆ ಹೋಗಿ ಒಂದ್ಸಲ ಚೆನ್ನಾಗಿ ನಕ್ಕುಬಿಡಿ."

ಹಿತ್ತಿಲಿನಿಂದ ನಡುಮನೆಗೆ ಎಷ್ಟು ದೂರವಿದ್ದೀತು? ಆ ದೂರದಲ್ಲಿ ನಾನು ನಿಂತು ನಿಂತು ನಡೆದೆ. ಬಾಯಿ ಮುಚ್ಚಿಕೊಂಡು ಕೂತರೆ ಫಾಲ್ಗುಣದೊಳಗೆ ಅವಳು ನನ್ನವಳು. ಅಷ್ಟೇ ಮಾಡಬೇಕಾದ್ದು, ಬಾಯಿ ಮುಚ್ಚಿಕೊಂಡಿರುವುದು. ಒಳಗೆ ಬಂದು ಕೂತೆ. ಗೌಡರು ಮುಂದೆ ಬಾಗಿ, "ಏನಪ್ಪಾ, ಹುಡುಗಿ ಒಪ್ಪಿಗೆ ತಾನೇ?" ಎಂದರು.

ನಾನು ಎರಡು ಕಿವಿಯವರೆಗೂ ನಕ್ಕೆ.

ಗೌಡರ ಮುಖ ಮೊದಲು ಬಿಳಿಚಿ ಆಮೇಲೆ ಕೆಂಪಾಯಿತು. "ಎಷ್ಟು ವರ್ಷದಿಂದ ಹಾಕ್ತಿದೀರಿ?" ಎಂದು ಮೆಲ್ಲಗೆ ಕೇಳಿದರು. ನಾನು ನಗುತ್ತಲೇ ಇದ್ದೆ. ಶುರು ಮಾಡಿದ ಮೇಲೆ ನಿಲ್ಲಿಸುವುದು ಹೇಗೆಂದು ತಿಳಿಯಲಿಲ್ಲ. ಅತ್ತೆ ನನ್ನ ಹಲ್ಲು ನೋಡಿ, "ಅಯ್ಯೋ ನಿನ್ನ" ಎಂದವಳೇ ಅಳತೊಡಗಿದಳು. ವಾಪಸು ಬರುವಾಗ ಜಟಕಾದಲ್ಲಿ ಆಕೆ ನನಗೆ ಬೆನ್ನು ಹಾಕಿ ಕುದುರೆಯ ಕಡೆ ಮುಖ ಮಾಡಿ ಕೂತಿದ್ದಳು.

ಅತ್ತೆಗೆ ನಿಜ ಹೇಳಬಹುದಿತ್ತಲ್ಲ ಎನ್ನುತ್ತೀರಿ. ಹೇಳಿದ್ದರೆ ಆಕೆ ಅದೇ ಜಟಕಾ ತಿರುಗಿಸಿ ಗೌಡರ ಮನೆಗೆ ಹೋಗಿ, ಸಂಬಂಧ ಕುದುರಿಸಿಕೊಂಡೇ ಬರುತ್ತಿದ್ದಳು. ಅದಕ್ಕೇ ಸುಮ್ಮನಿದ್ದೆ. ಅಷ್ಟು ಸಾಲದೆಂದು ಇನ್ನೊಂದು ಕಷ್ಟ. ಗೌಡರು ಕಚೇರಿಯಿಂದ ಮನೆಗೆ ಹೋಗುವ ದಾರಿ ನಮ್ಮ ಕಚೇರಿಯ ಮುಂದೆಯೇ. ಕಲೆ ಮಾಸಿದ್ದು ಅವರ ಕಣ್ಣಿಗೆ ಬಿದ್ದರೆ ಅನುಮಾನ ಬಂದೀತು. ಅಂತೋಣಿಯ ಹತ್ತಿರ ಮತ್ತೆ ಪೊಟ್ಟಣ ಕಟ್ಟಿಸಿದೆ. "ನಿಂಗೆ ತಲೆ ಕೆಟ್ಟಿದೆ ಕಣೋ," ಎಂದ ಅವನು. ಜನ ಹಲ್ಲು ಬೆಳ್ಳಗಿರಲೆಂದು ಉಜ್ಜುತ್ತಾರೆ. ನಾನು ಏಪ್ರಿಲ್ ಕಳೆಯುವವರೆಗೆ ಹಲ್ಲಿನ ಕೊಳೆಯನ್ನು ಒಡವೆಯ ಹಾಗೆ ಜೋಪಾನ ಮಾಡಿದೆ. ಗೌಡರು ಎದುರಾದಾಗಲೆಲ್ಲ ನಮಸ್ಕಾರ ಮಾಡಿ ನಗುತ್ತಿದ್ದೆ. ಅವರು ರಸ್ತೆ ದಾಟಿ ಆಚೆ ಬದಿಗೆ ಹೋಗುತ್ತಿದ್ದರು.

ಆಗಿನ ಮೈಸೂರು ಎಷ್ಟು ದೊಡ್ಡದು? ಸುದ್ದಿ ಸರಸ್ವತಿಪುರಂ ಬಿಟ್ಟು ಚಾಮರಾಜಪುರಂ ಮುಟ್ಟುವ ಹೊತ್ತಿಗೆ ನಾನು ಬೀಡಿ ಸೇದುತ್ತಿದ್ದೆ. ಅತ್ತೆಯ ಊರು ಮುಟ್ಟುವ ಹೊತ್ತಿಗೆ ಕುಡಿಯುತ್ತಲೂ ಇದ್ದೆ. ಒಬ್ಬರೂ ಹೆಣ್ಣು ಕೊಡಲು ಮುಂದೆ ಬರಲಿಲ್ಲ. ವರ್ಷ ಕಳೆದ ಮೇಲೆ ನಂಜನಗೂಡು ಕಡೆಯ ಒಬ್ಬರು ಬಂದರು. ಅವರು ಮಾತಿಗೆ ಮೊದಲು ತಮ್ಮ ಸಂಚಿ ಬಿಚ್ಚಿ ಒಂದು ಎಸಳು ಹೊಗೆಸೊಪ್ಪು ಬಾಯಿಗಿಟ್ಟುಕೊಂಡು, "ಅದೇನ್ ಮಹಾ ಬುಡಿ," ಎಂದರು. ಹಾಗೆ ಅವರ ಮಗಳು ಜಯಮ್ಮ ನಮ್ಮ ಮನೆಗೆ ಬಂದಳು.

ಮದುವೆಯಾದ ಹೊಸತರಲ್ಲಿ ಜಯಮ್ಮನಿಗೆ ಎಲ್ಲವನ್ನೂ ಹೇಳಿದೆ. ಹರಳು, ಹಿತ್ತಿಲು, ನಗು, ಎಲ್ಲ. ಅವಳು ಕೆನ್ನೆಗೆ ಕೈ ಕೊಟ್ಟು ಕೇಳಿ, "ಕತೆ ಚೆಂದಾಗ್ ಕಟ್ತೀರಿ," ಎಂದು ಎದ್ದುಹೋದಳು. ಆಮೇಲೆ ಶುರುವಾಯಿತು ನೋಡಿ. ನೆರೆಯವರ ಹತ್ತಿರ, ನೆಂಟರ ಹತ್ತಿರ, ಕಡೆಗೆ ಸೊಸೆಯ ಹತ್ತಿರವೂ ಅವಳದು ಒಂದೇ ಮಾತು. "ಇವರು ಒಗೆಸೊಪ್ಪು ಬುಟ್ಟಿದ್ದೇ ನನ್ನಿಂದ. ನಾನ್ ಬರ್ತೀನಿ ಅಂತ ಗೊತ್ತಾಗ್ತಲೂ ಎಸೆದ್ಬುಟ್ರು." ಇಷ್ಟು ವರ್ಷದ ಸಂಸಾರದಲ್ಲಿ ಅವಳು ಹೆಮ್ಮೆಯಿಂದ ಹೇಳಿಕೊಂಡದ್ದು ಅದೊಂದನ್ನೇ. ನಾನು ಎದುರು ಮಾತಾಡಲಿಲ್ಲ. ಮುಟ್ಟದ ಚಟವನ್ನು ಬಿಟ್ಟ ಕೀರ್ತಿ ನನಗೂ, ಬಿಡಿಸಿದ ಕೀರ್ತಿ ಅವಳಿಗೂ ಇರಲಿ ಎಂದುಕೊಂಡೆ. ವಿಮಲಳ ಹೆಸರು ನಮ್ಮ ಮನೆಯಲ್ಲಿ ಮತ್ತೆ ಬರಲಿಲ್ಲ.

ಇವತ್ತು ಬೆಳಿಗ್ಗೆ ನಾನು ಕನ್ನಡಿ ಬಿಟ್ಟು ಆಚೆ ಬಂದಾಗ ಜಯಮ್ಮ ಜಗುಲಿಯಲ್ಲಿ ಅವರೆಕಾಯಿ ಬಿಡಿಸುತ್ತಿದ್ದಳು. ನನ್ನ ಹಲ್ಲು ನೋಡಿ ಅವಳ ಕೈ ನಿಂತಿತು. ಮತ್ತೆ ಶುರು ಮಾಡಿದಿರಾ ಎಂದು ಜಗಳಕ್ಕೆ ಬರುತ್ತಾಳೆಂದು ನಾನು ಬಾಟಲಿಯ ಚೀಟಿಯನ್ನು ಮುಂದೆ ಹಿಡಿದೆ. ಅವಳು ಚೀಟಿ ತೆಗೆದುಕೊಳ್ಳಲೇ ಇಲ್ಲ.

"ಇಂಗೇ ಇತ್ತಾ ಅವತ್ತು?" ಎಂದಳು.

ಯಾವತ್ತು ಎಂದು ನಾನು ಕೇಳಲಿಲ್ಲ. "ಇನ್ನೂ ಸ್ವಲ್ಪ ಜಾಸ್ತಿ," ಎಂದೆ.

"ಆ ಉಡುಗಿ ಪಾಸಾದ್ಳಾ?"

ಇಷ್ಟು ವರ್ಷ ಅವಳು ನನ್ನನ್ನು ನಂಬಿಯೇ ಇದ್ದಳು. ಮೊದಲ ದಿನದಿಂದಲೂ.

"ಆದಳು. ಫಸ್ಟ್ ಕ್ಲಾಸು."

"ನಿಮಗೆಂಗೆ ಗೊತ್ತು?"

ಇದೊಂದನ್ನು ನಾನು ಆಗ ಅವಳಿಗೆ ಹೇಳಿರಲಿಲ್ಲ. "ರಿಸಲ್ಟ್ ದಿನ ಕಾಲೇಜಿನ ಹತ್ರ ಹೋಗಿದ್ದೆ. ಬೋರ್ಡಿನ ಮುಂದೆ ಗೆಳತಿಯರ ಜೊತೆ ಕುಣೀತಿದ್ದಳು. ನಾನು ಈಚೆ ಮರದ ಕೆಳಗೆ ಸೈಕಲ್ ಹಿಡ್ಕೊಂಡು ನಿಂತಿದ್ದೆ."

"ಮಾತಾಡಿಸ್ಲಿಲ್ವಾ?"

"ಹಲ್ಲು ಇನ್ನೂ ಪೂರ್ತಿ ಬೆಳ್ಳಗಾಗಿರಲಿಲ್ಲ ಕಣೇ. ಬಾಯಿ ಬಿಡೋಕೆ ನಾಚಿಕೆಯಾಯ್ತು. ವಾಪಸ್ ಬಂದ್ಬಿಟ್ಟೆ."

ಜಯಮ್ಮ ಅವರೆಕಾಯಿಯ ಮೊರವನ್ನು ಪಕ್ಕಕ್ಕೆ ಸರಿಸಿದಳು. ಸೆರಗಿನಲ್ಲಿ ಕೈ ಒರೆಸಿಕೊಂಡು, ಬೆಳಕಿಗೆ ಬರುವಂತೆ ನನ್ನ ಗಲ್ಲ ಹಿಡಿದು ತಿರುಗಿಸಿದಳು.

"ಅವತ್ತು ನಕ್ಕಂಗೇ ಒಂದ್ಸಲ ನಗಿ, ನೋಡನ."

ನಕ್ಕೆ. ಬಹಳ ಹೊತ್ತು ನೋಡಿದಳು.

"ನಾನಾಗಿದ್ರೆ," ಎಂದಳು, "ಪರೀಕ್ಷೆ ಅತ್ಲಾಗೆ ಎಸೆದು ಬಂದ್ಬುಡ್ತಿದ್ದೆ."